ಅಮ್ಮನಿಗೆ ಇನ್ಸುಲಿನ್ ಬರೆದುಕೊಟ್ಟ ದಿನ

ಅಮ್ಮನಿಗೆ ಶುಗರ್ ಇದೆ ಅಂತ ಗೊತ್ತಾದಾಗ ಮನೆಯಲ್ಲಿ ಯಾರೂ ಅಷ್ಟೇನೂ ಗಾಬರಿಯಾಗಿರಲಿಲ್ಲ. ಹಾಸನದ ನಮ್ಮ ಬೀದಿಯಲ್ಲಿ ಶುಗರ್ ಇಲ್ಲದ ಮನೆ ಕಮ್ಮಿ. ಕಾಫಿಗೆ ಸಕ್ಕರೆ ಬಿಟ್ಟಳು, ರಾತ್ರಿ ಅನ್ನ ಬಿಟ್ಟು ಮುದ್ದೆ ಹಿಡಿದಳು, ಬೆಳಿಗ್ಗೆ ಒಂದು ರಾತ್ರಿ ಒಂದು ಮೆಟ್‌ಫಾರ್ಮಿನ್ ಮಾತ್ರೆ ನುಂಗಿದಳು. ವರ್ಷಗಳು ಹಾಗೇ ಕಳೆದವು.

ಅವಳು ಕುಸಿದದ್ದು ಡಾಕ್ಟರು ಇನ್ಸುಲಿನ್ ಬರೆದ ದಿನ. ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.8 ಬಂದಿತ್ತು, ಅಂದರೆ ಬಹಳ ಜಾಸ್ತಿ. ಸಕ್ಕರೆ ಅಂಟಿಕೊಳ್ಳುವ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ, ಅದಕ್ಕೇ ಈ ಒಂದು ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ. ಅಮ್ಮನಿಗೆ ಅದು ತನ್ನ ನಡತೆಯ ಲೆಕ್ಕ ಅನಿಸಿತು. ಡಾಕ್ಟರು ಏನೂ ಕೇಳಿರಲಿಲ್ಲ, ಇವಳೇ ಶುರು ಮಾಡಿದಳು: “ನಾನೇನೂ ತಿಂದಿಲ್ಲ ಸಾರ್. ಯುಗಾದಿ ಹೋಳಿಗೆ ಕೂಡ ಮುಟ್ಟಿಲ್ಲ.”

ಆಟೋದಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು: “ಇನ್ಸುಲಿನ್ ಅಂದ್ರೆ ಕೊನೇ ಸ್ಟೇಜ್ ಅಲ್ವೇನೇ?”

ಈ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಅಜ್ಜನಿಗೂ ಸಕ್ಕರೆ ಕಾಯಿಲೆ ಇತ್ತು. ಇಂಜೆಕ್ಷನ್ ಶುರುವಾದ ಸ್ವಲ್ಪ ದಿನಕ್ಕೆ ಅವರ ಕಾಲಿನ ಬೆರಳು ತೆಗೆದರು. ಆಗ ಅಮ್ಮ ಚಿಕ್ಕವಳು. ಇಂಜೆಕ್ಷನ್ ಬಂತು, ಬೆರಳು ಹೋಯಿತು, ಇಷ್ಟೇ ಅವಳ ನೆನಪಿನಲ್ಲಿ ಉಳಿದದ್ದು. ಕಾಲಿನ ನರ, ರಕ್ತನಾಳ ಅದಕ್ಕೂ ಎಷ್ಟೋ ವರ್ಷ ಮೊದಲೇ ಹಾಳಾಗುತ್ತಾ ಬಂದಿದ್ದವು, ಇಂಜೆಕ್ಷನ್ ತಡವಾಗಿ ಬಂತು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಮ್ಮ ಕಡೆ ಎಷ್ಟೋ ಜನ ಇನ್ಸುಲಿನ್ ಮುಂದೂಡುವುದು ಸೂಜಿಯ ಭಯಕ್ಕಲ್ಲ, ಮನೆಯಲ್ಲಿ ಕಂಡ ಇಂಥ ನೆನಪಿನ ಭಯಕ್ಕೆ. ಅದಕ್ಕೆ “ಹೆದರಬೇಡಿ, ನೋವಾಗಲ್ಲ” ಅನ್ನುವ ಸಮಾಧಾನ ಸಾಲುವುದಿಲ್ಲ.

ಡಾಕ್ಟರು ಹೇಳಿದ್ದನ್ನೇ ಮನೆಗೆ ಬಂದು ಮತ್ತೆ ಹೇಳಿದೆ. ಈ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಎಷ್ಟೋ ಜನರಲ್ಲಿ, ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಮೈಯಲ್ಲೇ ತಯಾರಾಗುವ ಶಕ್ತಿ ಹೆಚ್ಚುಕಮ್ಮಿ ಅರ್ಧ ಇಳಿದಿರುತ್ತದೆ. ಪಥ್ಯ ಮಾಡಿದವರಲ್ಲೂ ವರ್ಷ ಕಳೆದಂತೆ ಇನ್ನಷ್ಟು ಇಳಿಯಬಹುದು. ನೀನು ತಪ್ಪು ಮಾಡಿದ್ದಕ್ಕೆ ಇದು ಬಂದದ್ದಲ್ಲಮ್ಮ ಅಂದೆ. ಆಗ ಅತ್ತಳು. ಅಷ್ಟು ವರ್ಷ ಪಾಯಸದ ಬಟ್ಟಲು ಬೇರೆಯವರ ಕಡೆ ಸರಿಸಿದವಳು ಅವಳು. ಆ ಅಳು ಬೇಕಿತ್ತು.

ಸಂಜೆ ಅವಳಿಗೆ ಕೆನಡಾದ ಟೊರಾಂಟೊದ ಹುಡುಗನ ಕಥೆ ಹೇಳಿದೆ. ಲಿಯೊನಾರ್ಡ್ ಥಾಂಪ್ಸನ್, ವಯಸ್ಸು 14. 1922ರ ಜನವರಿಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆದ ಮೊದಲಿಗ. ಅಲ್ಲಿಯವರೆಗೆ ಅಂಥ ಮಕ್ಕಳಿಗಿದ್ದ ದಾರಿ ಅಂದರೆ ಹೊಟ್ಟೆಗೆ ತೀರಾ ಕಮ್ಮಿ ಕೊಟ್ಟು ಒಂದಷ್ಟು ದಿನ ಉಳಿಸಿಕೊಳ್ಳುವುದು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಆಮೇಲೆ ಎಷ್ಟು ವರ್ಷ ಬದುಕಿದ?”

“13 ವರ್ಷ.”

“ಪಾಪ, ಅವರಮ್ಮನಿಗೆ ಅಷ್ಟಾದರೂ ಸಿಕ್ಕಿದನಲ್ಲ” ಅಂದಳು. ಆ ರಾತ್ರಿ ಇನ್ಸುಲಿನ್ ಚುಚ್ಚುವ ಪೆನ್ ಹಿಡಿದದ್ದು ನಾನು, ಹೊಟ್ಟೆಯ ಚರ್ಮ ಹಿಡಿದುಕೊಂಡದ್ದು ಅವಳು. ಸೂಜಿ 4 ಮಿಲಿಮೀಟರ್. ಸ್ವಲ್ಪ ದಿನಕ್ಕೆ ಅವಳೇ ಚುಚ್ಚಿಕೊಳ್ಳಲು ಕಲಿತಳು.

ಈಗ ಅವಳಿಗೆ ಸೂಜಿಯ ಚಿಂತೆ ಇಲ್ಲ. ಜಾಸ್ತಿ ಹೆದರುವುದು ಶುಗರ್ ಇಳಿಯುವುದಕ್ಕೆ. ಒಮ್ಮೆ ಕೈ ನಡುಗಿ, ಮೈಯೆಲ್ಲ ಬೆವರಿತ್ತು. ಅಂದಿನಿಂದ ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇರುತ್ತದೆ. ಮುಟ್ಟಲೇಬಾರದು ಅಂದುಕೊಂಡಿದ್ದ ಸಕ್ಕರೆಯೇ ಔಷಧಿಯಾಗುವುದನ್ನು ಒಪ್ಪಲು ಅವಳಿಗೆ ಬಹಳ ದಿನ ಬೇಕಾಯಿತು.

ಒಂದು ಮಾತ್ರ ಇನ್ನೂ ಬದಲಾಗಿಲ್ಲ. ಇನ್ಸುಲಿನ್ ವಿಷಯ ನೆಂಟರಿಗೆ ಗೊತ್ತಾಗಬಾರದು. ಹೊಸ ಪೆನ್ನುಗಳ ಡಬ್ಬ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಇರುತ್ತದೆ. ಮದುವೆ ಮನೆಯಲ್ಲಿ ಯಾವುದೋ ರೂಮು ಹುಡುಕಿ ಬಾಗಿಲು ಹಾಕಿಕೊಂಡು ತಗೊಳ್ಳುತ್ತಾಳೆ. “ಅಯ್ಯೋ, ಇನ್ಸುಲಿನ್‌ಗೆ ಬಂತಾ?” ಅನ್ನುವ ಕನಿಕರ ಅವಳಿಗೆ ಬೇಡ. ನನಗೆ ಇದು ಸಂಕಟದ ವಿಷಯ, ಯಾಕೆಂದರೆ ಅಕಸ್ಮಾತ್ ಶುಗರ್ ಇಳಿದರೆ ಜೊತೆಗಿರುವವರಿಗೆ ಗೊತ್ತಿರಬೇಕು. ಹಾಗಾಗಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ: ಎಲ್ಲಿ ಹೋದರೂ ಒಬ್ಬರಿಗೆ ಹೇಳಿರಬೇಕು. ಯಾರಿಗೆ ಅನ್ನುವುದು ಅವಳ ಇಷ್ಟ. ಹೋದ ಸಲ ಚಿಕ್ಕಮ್ಮನಿಗೆ ಹೇಳಿದಳಂತೆ. ತಾನೂ ತಗೊಳ್ತಿದ್ದೀನಿ ಅಂದರಂತೆ ಚಿಕ್ಕಮ್ಮ.