‘ಅಂತೆ’ ಒಪ್ಪದ ಟೀಚರ್

ಚಿತ್ರದುರ್ಗದಲ್ಲಿ ಓಬವ್ವನ ವಿಷಯ ಎತ್ತಿ ಮಕ್ಕಳನ್ನು ಕೆಣಕುವ ಧೈರ್ಯ ಯಾರಿಗಿದೆ? ನಮ್ಮ ಸಮಾಜ ಟೀಚರ್‌ಗಿತ್ತು. ಎಂಟನೇ ಕ್ಲಾಸಿನಲ್ಲಿ ಒಂದು ದಿನ, “ಒನಕೆ ಬೀಸಿದ್ದನ್ನು ಯಾರು ಕಂಡರು?” ಅಂದರು. ಗಂಡ ಕಂಡ ಅಂದೆವು. “ಊಟ ಮುಗಿಸಿ ಬಂದವನು ಕಂಡದ್ದೇನು?” ಕಿಂಡಿಯ ಹತ್ತಿರ ಹೆಣಗಳು, ಹೆಂಡತಿಯ ಕೈಯಲ್ಲಿ ರಕ್ತದ ಒನಕೆ. “ಬೀಸಿದ್ದನ್ನು ಕಾಣಲಿಲ್ಲ ತಾನೆ? ಆದರೂ ಅವನಿಗೆ ಅನುಮಾನ ಬರಲಿಲ್ಲ, ಯಾಕೆ?” ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು. ಇದಕ್ಕೆ ಸಾಂದರ್ಭಿಕ ಸಾಕ್ಷ್ಯ ಅನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಉತ್ತರದಲ್ಲಿ ‘ಅಂತೆ’ ಬಂದರೆ ಅರ್ಧ ಮಾರ್ಕ್ಸ್ ಕಟ್. ಚಂದ್ರವಳ್ಳಿಗೆ ಹೋದಾಗ “ಮಯೂರಶರ್ಮ ಕೆರೆ ಕಟ್ಟಿಸಿದ್ದನಂತೆ” ಅಂದುಬಿಟ್ಟೆ. ಬಂಡೆಯ ಮೇಲಿನ ಪ್ರಾಕೃತ ಶಾಸನ ತೋರಿಸಿ, “ಬರೆಸಿಟ್ಟಿದ್ದಾನಲ್ಲೋ, ಇನ್ನೆಂಥ ಅಂತೆ?” ಎಂದು ಗದರಿದರು.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆಮೇಲೆ ಪಹಣಿ ಹಿಡಿದ ತಾಯಂದಿರು ಸ್ಕೂಲ್ ಗೇಟಿನ ಹತ್ತಿರ ಕಾಯತೊಡಗಿದರು. “ನಮಗೂ ಪಾಲಂತೆ, ಹೌದಾ ಟೀಚರ್?” 9ನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ಓದಿ ಹೇಳಬಹುದಿತ್ತು, ಅದರಾಚೆಗೆ ವಕೀಲರನ್ನು ನೋಡಿ ಅನ್ನಬೇಕಿತ್ತು. ಹಾಗೆ ಸಾಗಹಾಕುವುದು ಅವರಿಗೆ ಒಗ್ಗಲಿಲ್ಲವೆಂದು ಕಾಣುತ್ತದೆ. ನಲವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಎಲ್‌ಎಲ್‌ಬಿಗೆ ಸೇರಿದರು. ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿ ಮಾಡುವಂತಿಲ್ಲವಲ್ಲ. ಮೂರು ವರ್ಷ ಓದು, ಬೆಂಗಳೂರಿನ ವಕೀಲರ ಪರಿಷತ್ತಿನಲ್ಲಿ ಸನ್ನದು, ಆಮೇಲೆ ತಮಗಿಂತ ಚಿಕ್ಕ ವಯಸ್ಸಿನ ಸೀನಿಯರ್ ಹಿಂದೆ ಫೈಲ್ ಹೊತ್ತು ತಿರುಗಾಟ.

ಚಳ್ಳಕೆರೆ ಕಡೆಯ ಶೇಂಗಾ ಹೊಲದಲ್ಲಿ ಪಾಲು ಕೇಳಿ ಅಮ್ಮ ಹೂಡಿದ ದಾವೆಗೆ ವಕಾಲತ್ತು ಹಾಕಿದ್ದು ಇವರೇ. ತಾತ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಪಾಲಾಗಿತ್ತು ಎಂಬುದು ಮಾವನ ವಾದ. ನೋಂದಣಿಯಾದ ಪತ್ರವಿಲ್ಲ. ಮಾವನ ಪಾಟೀ ಸವಾಲಿನ ದಿನ ನಾನೂ ಕೋರ್ಟಿಗೆ ಹೋಗಿದ್ದೆ.

“ಪಾಲಾದ ದಿನ ಊರಲ್ಲಿದ್ದಿರಾ?”

“ಇಲ್ಲ, ಬಳ್ಳಾರೀಲಿದ್ದೆ.”

“ಮತ್ತೆ ಪಾಲಾಗಿದ್ದು?”

“ಆಗಿತ್ತಂತೆ ಮೇಡಂ.”

ಟೀಚರ್ ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಹಿಂದಿನ ಬೆಂಚಿನಲ್ಲಿದ್ದ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಕ್ಲಾಸಾಗಿದ್ದರೆ ಇನ್ನೂ ಹತ್ತು ನಿಮಿಷ ಬೈಗುಳ. ಇಲ್ಲಿ “ಇಷ್ಟೇ, ಸ್ವಾಮಿ” ಎಂದು ಕೂತುಬಿಟ್ಟರು.

ಹೊರಗೆ ಮಾವ ನನ್ನ ಹತ್ತಿರ ಬಂದರು. “ನಿಂಗೆ ಇವ್ರು ಎಷ್ಟು ವರ್ಷ ಪಾಠ ಮಾಡಿದ್ರಪ್ಪಾ?”

“ಮೂರು ವರ್ಷ, ಮಾವ.”

ತಲೆಯಾಡಿಸಿ ಟೀ ಅಂಗಡಿ ಕಡೆ ನಡೆದರು.