ರಸ್ತೆಗೆ ಗೆರೆ ಎಳೆಯುವ ಮುಂಚೆ ಸ್ಮಶಾನದ ಸುತ್ತ ನಡೆಯಿರಿ

ಅಮೆರಿಕದ ಅಯೋವಾ ರಾಜ್ಯದಲ್ಲಿ ಹಳ್ಳಿ ರಸ್ತೆಗಳ ಸರ್ವೆ ನನ್ನ ಕೆಲಸ. ಇಲ್ಲಿ ಮುಸುಕಿನ ಜೋಳದ ಹೊಲಗಳ ನಡುವೆ ಅಲ್ಲಲ್ಲಿ ಪುಟ್ಟ ಸ್ಮಶಾನಗಳಿವೆ. 1833ರ ನಂತರ ಮಿಸಿಸಿಪ್ಪಿ ನದಿ ದಾಟಿ ಬಂದು ಬೇಸಾಯ ಶುರು ಮಾಡಿದ ಬಿಳಿಯರ ಕುಟುಂಬಗಳು ತಮ್ಮವರನ್ನು ಮಣ್ಣು ಮಾಡಿದ ಜಾಗಗಳು ಅವು. ಕಳೆದ 50 ವರ್ಷಗಳಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಜನರನ್ನು ಹೂಳಿದ್ದರೆ ಕಾನೂನು ಅದನ್ನು 'ಪಯೊನೀರ್ ಸ್ಮಶಾನ', ಅಂದರೆ ಮೊದಲ ವಲಸಿಗರ ಸ್ಮಶಾನ, ಅನ್ನುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಒಂದೇ: ಬೇಲಿಯನ್ನು ನಂಬಬೇಡಿ. ಬೇಲಿ ಎಷ್ಟೋ ಕಡೆ ಆಮೇಲೆ ಬಂದದ್ದು. ಕಲ್ಲು ಕೆತ್ತಿಸಲು ದುಡ್ಡಿಲ್ಲದವರು ಮರದ ಹಲಗೆ ನೆಟ್ಟರು, ಇಲ್ಲವೇ ಹೊಲದ ಕಲ್ಲನ್ನೇ ಇಟ್ಟರು. ಹಲಗೆ ಕೊಳೆತು ಹೋಯಿತು. ಸಮಾಧಿ ಮಾತ್ರ ಅಲ್ಲೇ ಇದೆ, ಕೆಲವೊಮ್ಮೆ ಬೇಲಿಯ ಆಚೆ, ರಸ್ತೆ ಅಗಲ ಮಾಡಬೇಕಾದ ಕಡೆಯೇ.

ನೆಲವನ್ನು ಸೀಳಿ ನೋಡುವ ರೇಡಾರ್ ಇದೆಯಲ್ವಾ ಅಂತ ಕೇಳುತ್ತಾರೆ. ಇದೆ. ಆದರೆ ಅದು ಮೂಳೆ ತೋರಿಸುವುದಿಲ್ಲ, ಒಮ್ಮೆ ಅಗೆದು ಮುಚ್ಚಿದ ಮಣ್ಣನ್ನು ತೋರಿಸುತ್ತದೆ. ಜಿಗುಟು ಮಣ್ಣಿನಲ್ಲಂತೂ ಸಿಗ್ನಲ್ ಬೇಗ ಸೋತುಹೋಗುತ್ತದೆ. ಹಾಗಾಗಿ ಮೊದಲು ಕಾಲ್ನಡಿಗೆ. ಮಣ್ಣು ಕುಸಿದ ಸಮಾಧಿ ಪೂರ್ವ-ಪಶ್ಚಿಮಕ್ಕೆ ಉದ್ದವಾದ ತಗ್ಗಾಗಿರುತ್ತದೆ. ಸಂಜೆ ಬಿಸಿಲು ಓರೆಯಾದಾಗ ಅದು ಚೆನ್ನಾಗಿ ಕಾಣುತ್ತದೆ. ಗಿಡಗಳನ್ನೂ ನೋಡಿ. ನೆಲಕ್ಕೆ ಹಬ್ಬುವ ವಿಂಕಾ ಬಳ್ಳಿ, ಐರಿಸ್, ಸೀಡರ್ ಮರ ಇವೆಲ್ಲ ಸಮಾಧಿ ಮೇಲೆ ಪ್ರೀತಿಯಿಂದ ನೆಟ್ಟವು. ಚಳಿಗಾಲ ಮುಗಿಯುತ್ತಾ ಬಂದಾಗ ಸುತ್ತ ಎಲ್ಲ ಒಣಗಿದ್ದರೂ ವಿಂಕಾ ಹಸಿರಾಗಿರುತ್ತದೆ. ಹುಡುಕಲು ಅದೇ ಒಳ್ಳೇ ಸಮಯ.

ಈ ಎಚ್ಚರಿಕೆಗೆ ಒಂದು ಇತಿಹಾಸವಿದೆ. ನಮ್ಮ ರಸ್ತೆ ಕೆಲಸದವರೆಲ್ಲ ಅದನ್ನು ತಿಳಿದಿರಬೇಕು. 1971ರಲ್ಲಿ ಗ್ಲೆನ್‌ವುಡ್ ಊರಿನ ಹತ್ತಿರ ರಸ್ತೆ ಅಗೆಯುವಾಗ ಇಂಥದ್ದೇ ಒಂದು ಸ್ಮಶಾನ ಸಿಕ್ಕಿತು. ಅಲ್ಲಿದ್ದ 26 ಬಿಳಿಯರ ಅವಶೇಷಗಳನ್ನು ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಜೊತೆಗೆ ಸಿಕ್ಕ ಒಬ್ಬ ಮೂಲನಿವಾಸಿ ತಾಯಿ ಮತ್ತು ಮಗುವಿನ ಮೂಳೆಗಳನ್ನು ಮಾತ್ರ ಅಧ್ಯಯನಕ್ಕೆ ಅಂತ ಲ್ಯಾಬಿಗೆ ಕಳಿಸಿದರು. ಒಂದೇ ನೆಲ, ಎರಡು ನ್ಯಾಯ. ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಯಾಂಕ್ಟನ್ ಡಕೋಟಾ ಎಂಬ ಮೂಲನಿವಾಸಿ ಸಮುದಾಯದ ಮರಿಯಾ ಪಿಯರ್ಸನ್ ಅವರಿಗೆ ಈ ವಿಷಯ ಹೇಳಿದ್ದು ಹೆದ್ದಾರಿ ಇಲಾಖೆಯಲ್ಲೇ ಎಂಜಿನಿಯರ್ ಆಗಿದ್ದ ಅವರ ಗಂಡ. ಆಕೆ ತಮ್ಮ ಸಾಂಪ್ರದಾಯಿಕ ಉಡುಗೆಯಲ್ಲೇ ಗವರ್ನರ್ ರಾಬರ್ಟ್ ರೇ ಅವರ ಕಚೇರಿಗೆ ಹೋದರು. ನಮ್ಮವರ ಮೂಳೆ ವಾಪಸ್ ಕೊಡಿ, ಅಗೆಯುವುದನ್ನು ನಿಲ್ಲಿಸಿ ಅಂತ ಕೇಳಿದರು. ಆ ಹೋರಾಟದಿಂದ 1976ರಲ್ಲಿ ಹಳೆಯ ಸಮಾಧಿಗಳನ್ನು ಕಾಪಾಡುವ ಅಯೋವಾದ ಕಾನೂನು ಬಂತು. ಮೂಲನಿವಾಸಿಗಳ ಅವಶೇಷಗಳನ್ನು ಅವರಿಗೆ ವಾಪಸ್ ಕೊಡಿಸುವ 1990ರ ರಾಷ್ಟ್ರಮಟ್ಟದ ಕಾನೂನಿಗೂ ಅದು ದಾರಿ ಮಾಡಿತು.

ಈಗ ಮೂಳೆ ಕಂಡರೆ ಯಂತ್ರ ಅಲ್ಲೇ ನಿಲ್ಲಬೇಕು. ಪೊಲೀಸರಿಗೆ ತಿಳಿಸಬೇಕು. 150 ವರ್ಷಕ್ಕಿಂತ ಹಳೆಯದಾದರೆ ಮುಂದಿನ ತೀರ್ಮಾನ ರಾಜ್ಯದ ಪುರಾತತ್ವ ಕಚೇರಿಯದು, ಅದು ಯಾವ ಜನಾಂಗದವರದ್ದೇ ಆಗಿರಲಿ.