ತಂತಿ ಕಡಿದ ಸಂಜೆ

ಇವತ್ತು ಆರ್ಕೆಸ್ಟ್ರಾ ಕಛೇರಿಗೆ ಹೋಗಿದ್ದೆ. ನಡುವೆ ಟಪ್ ಅಂತ ಸದ್ದು. ಸೋಲೋ ನುಡಿಸುತ್ತಿದ್ದವರ ಪಿಟೀಲಿನ ತಂತಿ ಕಡಿದೇಹೋಯಿತು.

ಮುಗೀತು ಅಂದುಕೊಂಡೆ. ಇಲ್ಲ. ಪಕ್ಕಕ್ಕೆ ತಿರುಗಿದರು, ಆರ್ಕೆಸ್ಟ್ರಾದ ಪಿಟೀಲುಗಾರರಲ್ಲಿ ಮೊದಲ ಕುರ್ಚಿಯವರು ತಮ್ಮದನ್ನೇ ಕೊಟ್ಟರು. ತಂತಿ ಕಡಿದ ಪಿಟೀಲು ಕೈಯಿಂದ ಕೈಗೆ ಹಿಂದಕ್ಕೆ ಹೋಯಿತು. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈ ಮಾತ್ರ ನಿಲ್ಲಲೇ ಇಲ್ಲ.

ಇದೇನು ಹೊಸದಲ್ಲ ಬಿಡಿ. 1986ರಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ 14 ವರ್ಷದ ಪಿಟೀಲು ವಾದಕಿ ಮಿಡೋರಿಗೆ ಒಂದೇ ಕಛೇರಿಯಲ್ಲಿ ಎರಡು ಸಲ ತಂತಿ ಕಡಿದಿತ್ತು. ಎರಡು ಸಲವೂ ಆರ್ಕೆಸ್ಟ್ರಾದವರ ಪಿಟೀಲು ಇಸ್ಕೊಂಡು ನುಡಿಸಿ ಮುಗಿಸಿದಳು!

ಇವತ್ತು ನನ್ನ ಕಣ್ಣು ಮಾತ್ರ ಆ ಕಡಿದ ಪಿಟೀಲು ಕೈಗೆ ಬಂದ ಹಿಂದಿನ ಸಾಲಿನವರ ಮೇಲೆ. ಜೇಬಿನಿಂದ ಸುರುಳಿ ಸುತ್ತಿದ ಹೊಸ ತಂತಿ ತೆಗೆದರು. ಬಿರಡೆಗೆ ಸುತ್ತಿದರು. ಕಿವಿಗೆ ಹತ್ತಿರ ಹಿಡಿದು ಬೆರಳ ತುದಿಯಲ್ಲಿ ಮೆಲ್ಲಗೆ ಮೀಟಿದರು. ಸುತ್ತ ಅಷ್ಟೊಂದು ವಾದ್ಯ ಮೊಳಗುವಾಗ ಆ ಶ್ರುತಿ ಅವರಿಗೆ ಹೇಗೆ ಕೇಳಿಸಿತೋ, ದೇವರೇ ಬಲ್ಲ.

ಚಪ್ಪಾಳೆಯೆಲ್ಲ ಮುಂದೆ ನಿಂತವರಿಗೇ, ಅಲ್ವಾ? ಇವರ ಪಾಲಿನ ಸ್ವರಗಳನ್ನು ಪಕ್ಕದವರೇ ನುಡಿಸುತ್ತಿದ್ದರು. ಆಮೇಲೆ ಪಿಟೀಲು ಬಂದ ದಾರಿಯಲ್ಲೇ, ಕೈಯಿಂದ ಕೈಗೆ, ಮುಂದಕ್ಕೆ ಹೋಯಿತು.